ಲಿಟ್ಮಸ್ ಗೋವಿಂದಪ್ಪ

ಈ ಕಾರ್ತಿಕ ಮಾಸದ ಎರಡನೇ ಸೋಮವಾರ ಬೆಳಿಗ್ಗೆ ಎಂಟೂವರೆಗೆ, ಮಡಕಶಿರದ ಕೋಟೆಬೆಟ್ಟದ ಬುಡದ ಮನೆಯಲ್ಲಿ, ಗೋವಿಂದಪ್ಪನವರು ನೀಲಿ ಲಿಟ್ಮಸ್ ಕಾಗದದ ತುಂಡೊಂದನ್ನು ತಾವೇ ಮಾಡಿದ ಬೆಳ್ಳಿ ನೀರಿಗೆ ಅದ್ದಿದರು. ಕಾಗದ ಕೆಂಪಾಯಿತು. ಅವರು ನೋಟ್‌ಬುಕ್ಕಿನಲ್ಲಿ ‘ನೀಲಿ’ ಎಂದು ಬರೆದರು.

ನಾನು ಎದುರಿಗೇ ಕುಳಿತಿದ್ದೆ.

ಗೋವಿಂದಪ್ಪನವರು ರಾಯದುರ್ಗದಲ್ಲಿ ನಾನು ಓದಿದ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವರು. ಡಿಗ್ರಿ ಇರಲಿಲ್ಲ. ಆದರೂ ಎಲ್ಲರೂ ಅವರನ್ನು ಸರ್ ಎನ್ನುತ್ತಿದ್ದೆವು, ಬೆನ್ನ ಹಿಂದೆ ಲಿಟ್ಮಸ್ ಗೋವಿಂದಪ್ಪ ಎನ್ನುತ್ತಿದ್ದೆವು. ಅಂಗಿಯ ಜೇಬಿನಲ್ಲಿ ಬೀಡಿ ಕಟ್ಟು ಇರಬೇಕಾದ ಜಾಗದಲ್ಲಿ ಲಿಟ್ಮಸ್ ಕಾಗದದ ಪುಟ್ಟ ಪುಸ್ತಕ ಇರುತ್ತಿತ್ತು. ಕ್ಯಾಂಟೀನಿನ ಹಾಲಿಗೂ ಒಮ್ಮೆ ಅದ್ದಿ ನೋಡಿ, “ಇದು ನಿನ್ನೇದು, ಕುಡೀಬ್ಯಾಡ್ರಿ” ಎಂದು ಲೋಟ ತಳ್ಳಿದ್ದನ್ನು ಕಂಡಿದ್ದೇನೆ.

ಒಂದು ಸಲ ಪ್ರಾಕ್ಟಿಕಲ್ಸ್‌ನಲ್ಲಿ ನಾನು ಪಕ್ಕದವನ ಅಂಕಿಗಳನ್ನು ನನ್ನ ರೆಕಾರ್ಡಿಗೆ ಇಳಿಸುತ್ತಿದ್ದೆ. ಹಿಂದೆ ಬಂದು ನಿಂತವರು ದನಿ ಏರಿಸಲಿಲ್ಲ.

“ಯಾಕಪ, ನಿನಗ ಕಣ್ಣಿಲ್ಲೇನು?”

“ಅವನದೂ ನಂದೂ ಒಂದೇ ಬರ್ತದೆ ಸರ್.”

“ಬರ್ತದ ಅಂತ ಬರೀಬ್ಯಾಡ. ಬಂದ ಮ್ಯಾಲೆ ಬರಿ. ಕಂಡದ್ದು ಬರಿ.”

ಮುಂದೆ ನಾನು ವರದಿಗಾರನಾದೆ. ಆ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪಾಠವನ್ನು ನನಗೆ ಯಾರೂ ಹೇಳಿಕೊಟ್ಟಿಲ್ಲ.

ನಿವೃತ್ತಿಯಾದ ಮೇಲೆ ಅವರು ಹೆಂಡತಿ ಗಂಗಮ್ಮನವರ ತವರಾದ ಮಡಕಶಿರಕ್ಕೆ ಬಂದು ನೆಲೆಸಿದರು. ಎರಡು ವರ್ಷದ ಹಿಂದೆ ಗಂಗಮ್ಮನವರ ಬಲಗಾಲಿನ ಹೆಬ್ಬೆರಳ ಕೆಳಗೆ ಒಂದು ಗಾಯವಾಯಿತು. ಅವರ ಅಕ್ಕನಿಗೂ ಹೀಗೇ ಶುರುವಾಗಿತ್ತು. ಆಸ್ಪತ್ರೆಗೆ ಹೋದವಳು ಒಂದು ಕಾಲಿನಲ್ಲಿ ಮನೆಗೆ ಬಂದಳು. ಅಂದಿನಿಂದ ಆ ಮನೆಯಲ್ಲಿ ಆಸ್ಪತ್ರೆ ಎಂಬ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಗೋವಿಂದಪ್ಪನವರು ಅಕ್ಕಸಾಲಿಗರಿಂದ ಚೊಕ್ಕ ಬೆಳ್ಳಿಯ ಎರಡು ತಂತಿ ಎಳೆಸಿ ತಂದರು. ಗಾಜಿನ ಜಾಡಿಗೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಸುರಿದು, ತಂತಿಗಳನ್ನು ಇಳಿಬಿಟ್ಟು, ಮೂರು ಸಣ್ಣ ಬ್ಯಾಟರಿ ಜೋಡಿಸಿ ಗಂಟೆಗಟ್ಟಲೆ ಕಾಯುತ್ತಿದ್ದರು. ಆ ನೀರಿನಿಂದ ದಿನಕ್ಕೆರಡು ಸಲ ಗಾಯ ತೊಳೆಯುವುದು. ಅದರಿಂದ ಗಾಯ ಮಾಯುತ್ತದೆ ಎಂಬುದಕ್ಕೆ ಮೊಬೈಲಿನ ಒಂದು ವಿಡಿಯೋ ಬಿಟ್ಟರೆ ಅವರ ಬಳಿ ಆಧಾರವಿರಲಿಲ್ಲ. ಆದರೆ ಹುಳಿಯ ಅಂಶ ಇದ್ದರೆ ಹಸಿ ಗಾಯವನ್ನು ಸುಡುತ್ತದೆ ಎಂಬುದು ಲ್ಯಾಬಿನಲ್ಲಿ ಕೈ ಸುಟ್ಟುಕೊಂಡು ಕಲಿತದ್ದು. ಹುಳಿ ಇದ್ದರೆ ನೀಲಿ ಕಾಗದ ಕೆಂಪಾಗುತ್ತದೆ. ಹಾಗಾಗಿ ಪ್ರತಿ ಜಾಡಿಗೂ ಕಾಗದ, ಪ್ರತಿ ಕಾಗದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು.

“ನನ್ನ ಮದ್ವೆಗ್ ಮುಂಚೆ ನಂಗೂ ಪೇಪರ್ ಅದ್ದಿ ನೋಡಿದ್ರೇನೋಪ್ಪ ಇವ್ರು,” ಎನ್ನುತ್ತಿದ್ದರು ಗಂಗಮ್ಮ.

“ಅವಾಗ ನನ್ನ ಕಡೆ ಪೇಪರ್ ಇದ್ದಿಲ್ಲ. ಅದಕ್ಕ ಮೋಸ ಹೋದೆ.”

ಹಿಂದಿನ ಭೇಟಿಯಲ್ಲಿ, ಶುಗರ್ ಟೆಸ್ಟ್ ಮಾಡಿಸಿದ್ದೀರಾ ಎಂದು ಕೇಳಿದ್ದೆ. ಗೋವಿಂದಪ್ಪನವರು ಜಾಡಿಯ ಮುಚ್ಚಳ ಸರಿಮಾಡಿದರು. ಗಂಗಮ್ಮ, “ಸೂಜಿ ಚುಚ್ಚಿದ್ರೆ ಕಾಲ್ ಕುಯ್ಯೋಗಂಟ ಬಿಡಲ್ಲಪ್ಪ ಅವ್ರು, ನಮ್ಮಕ್ಕುಂಗೂ ಅಂಗೇ ಮಾಡಿದ್ದು,” ಎಂದರು. ನಾನು ಒತ್ತಾಯ ಮಾಡಲಿಲ್ಲ.

ಆ ಸೋಮವಾರ ಬಟ್ಟಲಿಗೆ ನೀರು ಬಗ್ಗಿಸಿ ಅವರು ಹೆಂಡತಿಯ ಕಾಲಿನ ಪಟ್ಟಿ ಬಿಚ್ಚಲು ಕುಳಿತರು.

“ಸರ್, ಆ ಕಾಗದ ಕೆಂಪಾಗಿದೆ.”

ಅವರು ತಿರುಗಿ ನೋಡಲಿಲ್ಲ. “ನೀಲಿ ಅದ. ಬರ್ದೀನಲ್ಲ.”

ನಾನು ಎದ್ದುಹೋಗಿ ಕಾಗದವನ್ನು ಅವರ ಕೈಗಿತ್ತೆ. ಪುಸ್ತಕದಿಂದ ಹೊಸದೊಂದು ಹರಿದು ಪಕ್ಕದಲ್ಲಿಟ್ಟೆ. ಅವರು ಎರಡನ್ನೂ ಕಿಟಕಿಗೆ ಹಿಡಿದರು, ಕಣ್ಣ ಹತ್ತಿರ ತಂದರು, ಮತ್ತೆ ದೂರ ಹಿಡಿದರು.

“ಎರಡೂ ಒಂದ ನಮೂನಿ ಕಾಣ್ತಾವಪ.”

“ಎಷ್ಟು ದಿನದಿಂದ ಸರ್?”

“ಬ್ಯಾಸಿಗಿಯಿಂದ. ಕಣ್ಣಿಗೆ ಪೊರೆ ಬಂದೈತಿ. ಆಕಿಗೆ ಹೇಳಿದ್ರ ಹೆದರ್ತಾಳ ಅಂತ ಸುಮ್ಮನಿದ್ದೆ.” ಕಾಗದಗಳನ್ನು ಕೆಳಗಿಟ್ಟು, “ಯಾವಾಗ್ಲೂ ನೀಲಿನ ಇರ್ತಿತ್ತು. ನೀಲಿನ ಇರ್ತದ ಅಂತ ಬರೀತಿದ್ದೆ,” ಎಂದರು.

“ನಂಗೇನೂ ಉರೀಲಿಲ್ವಲ್ಲ,” ಎಂದರು ಗಂಗಮ್ಮ, ಇಬ್ಬರ ಮುಖವನ್ನೂ ನೋಡುತ್ತ. “ಯಾಕ್ರಪ್ಪ ಹಿಂಗ್ ನಿಂತ್ರಿ? ಒಂದಿನಾನೂ ಉರೀಲಿಲ್ಲ.”

ಆಗ ಗೋವಿಂದಪ್ಪನವರು ಒಂದು ಪರೀಕ್ಷೆ ಮಾಡಿದರು. ಪೆನ್ನಿನ ತುದಿಯಿಂದ ಹೆಂಡತಿಯ ಅಂಗಾಲನ್ನು ಒತ್ತಿದರು. “ಗೊತ್ತಾಗ್ತದೇನು?” ಗಂಗಮ್ಮ, “ಏನು?” ಎಂದರು. ಇನ್ನೂ ಜೋರಾಗಿ ಒತ್ತಿದರು. ಗಂಗಮ್ಮ ಕಾಯುತ್ತಲೇ ಇದ್ದರು. ಪಟ್ಟಿ ಪೂರ್ತಿ ಬಿಚ್ಚಿದಾಗ ಎರಡು ಬೆರಳು ಕಪ್ಪಾಗಿದ್ದವು. ಗಂಗಮ್ಮನವರಿಗೆ ಬಗ್ಗಿ ಪಾದ ನೋಡಿಕೊಳ್ಳಲು ಆಗುತ್ತಿರಲಿಲ್ಲ; ಅವು ಕಪ್ಪಾಗಿರುವುದು ಆ ಮನೆಯಲ್ಲಿ ಯಾರಿಗೂ ಕಂಡಿರಲಿಲ್ಲ.

ನಾನು ಡಿಸ್ಟಿಲ್ಡ್ ವಾಟರ್ ತಂದಿದ್ದ ಕ್ಯಾನಿನ ನೀರಿಗೇ ಕಾಗದ ಅದ್ದಿದೆ. ಅದೂ ಕೆಂಪಾಯಿತು. ಬ್ಯಾಟರಿ ಅಂಗಡಿಯವರಿಗೆ ಫೋನ್ ಮಾಡಿದಾಗ, ಆಸಿಡ್ ಇಟ್ಟಿದ್ದ ಕ್ಯಾನಿಗೆ ನೀರು ತುಂಬಿ ಕೊಟ್ಟಿದ್ದಾಗಿ ಒಪ್ಪಿಕೊಂಡರು. “ತೊಳ್ದಿದ್ವಿ ಸಾ,” ಎಂದರು. ಎಷ್ಟು ಸಲ ಹಾಗೆ ಕೊಟ್ಟಿದ್ದರು ಎಂಬುದು ಅವರಿಗೆ ನೆನಪಿಲ್ಲ. ನೋಟ್‌ಬುಕ್ಕಿನಲ್ಲಿ ಬೇಸಿಗೆಯಿಂದ ಆಚೆಗೂ ಈಚೆಗೂ ಒಂದೇ ಪದವಿದೆ.

ಹನ್ನೊಂದಕ್ಕೆ ಕಾರು ಬಂತು. ಹಿಂದೂಪುರದವರೆಗೂ ಗಂಗಮ್ಮ ಗಂಡನ ತೋಳು ಹಿಡಿದುಕೊಂಡೇ ಇದ್ದರು. “ಕುಯ್ಯಲ್ಲ ಅಂತ ಹೇಳ್ರಿ,” ಎಂದು ಮೂರು ಸಲ ಕೇಳಿದರು.

ಆಸ್ಪತ್ರೆಯ ವೈದ್ಯರು ಬೆಳ್ಳಿ ನೀರಿನ ಕತೆಯನ್ನು ಪೂರ್ತಿ ಕೇಳಿಸಿಕೊಂಡರು. ಅದರಿಂದಲೇ ಹೀಗಾಯಿತು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಶುಗರ್ ಎಷ್ಟು ವರ್ಷದಿಂದ ಇದೆ ಎಂದು ಕೇಳಿದರು. ಗೋವಿಂದಪ್ಪನವರು ನೋಟ್‌ಬುಕ್ ತೆರೆದು, ಮುಚ್ಚಿದರು.

ಮಂಗಳವಾರ ಬೆಳಿಗ್ಗೆ ನರ್ಸ್ ಆಪರೇಷನ್ನಿನ ಒಪ್ಪಿಗೆ ಪತ್ರ ತಂದು, “ಸಂತಕಂ ಇಕ್ಕಡ ಪೆಟ್ಟಂಡಿ, ಬ್ಲೂ ಪೆನ್ನುತೋ,” ಎಂದು ತೆಲುಗಿನಲ್ಲಿ ಹೇಳಿ, ನೀಲಿ ಪೆನ್ನಿನಲ್ಲಿ ಸಹಿ ಹಾಕುವ ಜಾಗ ತೋರಿಸಿದರು. ಗೋವಿಂದಪ್ಪನವರು ಜೇಬಿನಿಂದ ಎರಡು ಪೆನ್ನು ತೆಗೆದು ನನ್ನ ಮುಂದೆ ಹಿಡಿದರು.

“ಇದರಾಗ ನೀಲಿ ಯಾವುದಪ?”

ತೋರಿಸಿದೆ. ಸಹಿ ಹಾಕಿದರು.

ಗಂಗಮ್ಮನವರ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಅವರಿಗೆ ಎಚ್ಚರವಾಗಿದೆ, ಗಂಜಿ ಕುಡಿಯುತ್ತಿದ್ದಾರೆ, ದಿನವೂ ಗಂಡನನ್ನು ಕೇಳುತ್ತಿದ್ದಾರೆ. ಇಂದು ಭಾನುವಾರ. ಗೋವಿಂದಪ್ಪನವರು ವಾರ್ಡಿನ ಹೊರಗಿನ ಬೆಂಚಿನಲ್ಲೇ ಇದ್ದಾರೆ. ಇನ್ನೂ ಒಳಗೆ ಹೋಗಿಲ್ಲ.