ಫಲಕದ ಮೇಲಿರುವುದು ನನ್ನ ಹೆಸರು

ಸಿಂಧನೂರಿನ ನಮ್ಮ ಓಣಿಯಲ್ಲಿ ಪಕ್ಕದ ಮನೆಯವರು ಮೇಲೊಂದು ಅಂತಸ್ತು ಏರಿಸುತ್ತಿದ್ದಾರೆ. ಮೊನ್ನೆ ಟ್ರ್ಯಾಕ್ಟರಿನವನು ಹಳ್ಳದ ಉಸುಕು ತಂದು ನಮ್ಮ ಗೇಟಿನ ಎದುರಿಗೇ ಸುರಿದು ಹೋದ. ಜಗಳಕ್ಕೆ ಹೋದವಳು ಅರ್ಧ ದಾರಿಗೇ ಹಿಂತಿರುಗಿ ಬಾಗಿಲು ಹಾಕಿಕೊಂಡೆ. ಹಸಿ ಉಸುಕಿನ ವಾಸನೆ ನನಗೆ ಆಗುವುದಿಲ್ಲ. ಮಸ್ಕಿಯ ನಮ್ಮ ಹೈಸ್ಕೂಲಿನ ಜಿಗಿತದ ಗುಂಡಿಗೆ ಇದೇ ಉಸುಕನ್ನು ತುಂಬಿ, ಗಟ್ಟಿಯಾಗದಿರಲೆಂದು ದಿನಾ ಸಂಜೆ ನೀರು ಚಿಮುಕಿಸುತ್ತಿದ್ದೆವು. ಅದೇ ವಾರ ಆ ಶಾಲೆಯ ಈಗಿನ ಹೆಡ್‌ಮಾಸ್ತರರು ಫೋನು ಮಾಡಿದರು. ಶಾಲೆಗೆ ಐವತ್ತು ವರ್ಷ ತುಂಬುತ್ತದಂತೆ, ನೆನಪಿನ ಸಂಚಿಕೆ ತರುತ್ತಾರಂತೆ. "ನಮ್ಮ ಸಾಲಿ ಆಟೋಟದ ಇತಿಹಾಸ ಅಂದ್ರ ನೀವಾ ರೀ ಮೇಡಂ. ಎರಡು ಪೇಜು ಬರದು ಕೊಡ್ರಿ. ಚಲೋ ಚಲೋ ನೆನಪು ಅಷ್ಟ ಇರ್ಲಿ" ಎಂದರು. ಆಗಲಿ ಎಂದೆ. ಅವರು ಕೇಳಿದ ಇತಿಹಾಸ ಇದು. ಚಲೋ ನೆನಪು ಎಷ್ಟಿದೆಯೋ ಓದುವವರೇ ಹುಡುಕಿಕೊಳ್ಳಲಿ.

ಮೊದಲು ಮೈದಾನದ ಮಾತು. ವಾರಕ್ಕೊಮ್ಮೆ ಅಲ್ಲಿ ದನ ಕಟ್ಟುತ್ತಿದ್ದರು, ಉಳಿದ ದಿನ ನಾವು ಸಗಣಿ ತಪ್ಪಿಸಿಕೊಂಡು ಓಡುತ್ತಿದ್ದೆವು. ಗುಂಡು ಎಸೆತದ ಗುಂಡು ಹೆಡ್‌ಮಾಸ್ತರರ ಕೋಣೆಯ ಬಾಗಿಲಿಗೆ ಒತ್ತಾಗಿ ಇರುತ್ತಿತ್ತು. ಎಸೆತದ ಭರ್ಜಿಯಿಂದ ಬೇವಿನ ಟೊಂಗೆ ಬಡಿದು ಡ್ರಿಲ್ ಮಾಸ್ತರರು ಹಲ್ಲಿಗೆ ಕಡ್ಡಿ ಮಾಡಿಕೊಳ್ಳುತ್ತಿದ್ದರು. ಕಾಲುವೆ ಏರಿಯ ಮೇಲೆ ಓಡಿ ಬೆಳೆದ ದಢೇಸುಗೂರಿನ ಹುಡುಗರ ಎದುರು ನಮ್ಮವರು ಒಂದು ಸಲವೂ ಗೆಲ್ಲಲಿಲ್ಲ. ಲಿಂಗಸುಗೂರಿನಿಂದ ತಂದ ರಿಲೇ ಕಪ್ಪನ್ನು ಈಗಲೂ ಗಾಜಿನ ಕಪಾಟಿನಲ್ಲಿ ಮೆರೆಸುತ್ತಾರೆ. ಆ ವರ್ಷ ಉಳಿದ ತಂಡಗಳ ಬಸ್ಸು ಕೆಟ್ಟು ನಿಂತಿತ್ತು. ಹಾಳೂರಿಗೆ ಉಳಿದವನೇ ಗೌಡ. ಇಂಥ ಶಾಲೆಯಲ್ಲಿ ನಿಜವಾಗಿ ಜಿಗಿಯಬಲ್ಲವಳು ಒಬ್ಬಳಿದ್ದಳು, ಅವಳು ನಮ್ಮಕ್ಕ.

ಶಾಲೆಯ ಹಿಂದೆಯೇ ನಮ್ಮ ಮನೆ. ಮಣ್ಣಿನ ಮಾಳಿಗೆ, ಎರಡು ಕೋಣೆ, ಗೋಡೆಗೆ ಬುದ್ಧನ ಪಟ, ಅಂಗಳದಲ್ಲಿ ಬೇವಿನ ಗಿಡ. ಅಪ್ಪ ಕಾಲುವೆ ಕಚೇರಿಯ ಜವಾನ. ಗಿಡದಿಂದ ಗೂಟಕ್ಕೆ ಕಟ್ಟಿದ ಹಗ್ಗದ ಮೇಲೆ ಅವ್ವ ಸೀರೆ ಒಣಹಾಕಿದರೆ ಅಕ್ಕ ಅದರ ಮೇಲಿಂದ ಹಾರುತ್ತಿದ್ದಳು, ಮತ್ತೆ ಹಗ್ಗವನ್ನು ಒಂದು ಗೇಣು ಮೇಲೇರಿಸುತ್ತಿದ್ದಳು. ಒದ್ದೆ ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಒಳಗೆ ರೊಟ್ಟಿ ಬಡಿಯುವ ಸದ್ದು, ಅಂಗಳಕ್ಕೆ ಅಕ್ಕನ ಅಂಗಾಲು ತಾಕಿದ ಸದ್ದು, ಇವೆರಡೂ ಒಂದರ ಹಿಂದೊಂದು ಕೇಳುತ್ತಿದ್ದವು. "ಸೀರಿ ಹರೀತು ಅಂದ್ರ ನಿನ್ನ ಕಾಲು ಮುರೀತೀನಿ ನೋಡು" ಎಂದು ಅವ್ವ ಒಲೆಯ ಮುಂದಿನಿಂದಲೇ ಗದರುತ್ತಿದ್ದಳು. ಸೀರೆ ಎಂದೂ ಹರಿಯಲಿಲ್ಲ. ಆ ಮನೆಯಲ್ಲಿ ನಾವು ಸುಖವಾಗಿದ್ದೆವು, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಅಕ್ಕನ ಕೈಕಾಲು ಹುಟ್ಟಿನಿಂದಲೇ ಉದ್ದ. ಆಗ ನಮ್ಮಂಥವರ ಮಕ್ಕಳಿಗೆ ಹುಟ್ಟಿದ ದಿನದ ಕಾಗದ ಎಲ್ಲಿಯದು? ಶಾಲೆಗೆ ಹಾಕಲು ಕರೆದೊಯ್ದರೆ, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿದರೆ ಆರು ವರ್ಷ ಆಯಿತೆಂದು ಲೆಕ್ಕ. ನಾಲ್ಕೂವರೆ ವರ್ಷದ ಅಕ್ಕ ಮುಟ್ಟಿದ್ದಷ್ಟೇ ಅಲ್ಲ, ಕಿವಿ ಹಿಡಿದುಕೊಂಡೇ ನಿಂತಳಂತೆ. ಮಾಸ್ತರರು ನಕ್ಕು ಆರು ವರ್ಷ ಎಂದು ಬರೆದರು, ಸಾಲಿನಲ್ಲಿ ನಿಂತ ಎಲ್ಲರಿಗೂ ಬರೆದಂತೆ ಜೂನ್ ಒಂದನೇ ತಾರೀಖು ಹಾಕಿದರು. ಮುಂದೆ ಅವ್ವನ ಕಾಯಿಲೆಗೆಂದು ಏಳನೆಯ ತರಗತಿಯ ನಂತರ ಅಕ್ಕ ಎರಡು ವರ್ಷ ಮನೆಯಲ್ಲಿ ಉಳಿದಳು. ಹೀಗಾಗಿ ಹತ್ತನೆಯ ತರಗತಿಯಲ್ಲಿ, ಹದಿನಾರೂ ತುಂಬದ ಹುಡುಗಿ ರಜಿಸ್ಟರಿನಲ್ಲಿ ಹದಿನೇಳು ದಾಟಿದ್ದಳು. ಜಿಲ್ಲಾ ಕ್ರೀಡಾಕೂಟಕ್ಕೆ ಹದಿನೇಳರ ಒಳಗಿನವರಷ್ಟೇ ಹೋಗಬೇಕು. ಯಾವ ಉದ್ದ ಕೈಕಾಲು ಅವಳನ್ನು ಜಿಗಿಸುತ್ತಿತ್ತೋ ಅದೇ ಅವಳನ್ನು ಹೊರಗಿಟ್ಟಿತು.

ಡ್ರಿಲ್ ಮಾಸ್ತರರಿಗೆ ಕಪ್ಪು ಬೇಕಾಗಿತ್ತು. ಒಂದು ಸಂಜೆ ಮನೆಗೇ ಬಂದು ಬೇವಿನ ಗಿಡದ ಕೆಳಗೆ ಕೂತರು. ಅಪ್ಪ ನಿಂತೇ ಇದ್ದ.

"ದೊಡ್ಡಾಕಿದು ವಯಸ್ಸು ಮೀರೇತಿ. ಸಣ್ಣಾಕಿ ಹೆಸರಿಲೇ ಕಳಸೋಣು. ಫೋಟೊ ಇಲ್ಲ ಏನಿಲ್ಲ, ಅರ್ಜಿ ಮ್ಯಾಲ ಸಾಲಿ ಸಿಕ್ಕಾ ಬಿದ್ರ ಸಾಕು" ಎಂದರು. ಸಣ್ಣಾಕಿ ಎಂದರೆ ನಾನು, ಒಂಬತ್ತನೆಯ ತರಗತಿ.

"ನನ್ನ ಹೆಸರಿಲೇ ಆಗಂಗಿಲ್ಲೇನ್ರಿ ಸರ?" ಎಂದಳು ಅಕ್ಕ.

"ಜಿಗಿಯೋದು ಕಾಲು ಬೇ, ಹೆಸರಲ್ಲ."

ವಯಸ್ಸು ತಿದ್ದಿಸಿ ಎಂದು ಅಪ್ಪ ಕೇಳಬಹುದಿತ್ತು. "ನೀವು ಹೇಳಿದಂಗ ಆಗ್ಲಿ ಸರ" ಎಂದ. ಕಚೇರಿಯಲ್ಲಿ ದಿನಾ ಅದನ್ನೇ ಹೇಳಿ ಹೇಳಿ ಅವನ ಬಾಯಿಗೆ ಬೇರೆ ಮಾತು ಬರುತ್ತಿರಲಿಲ್ಲ. ಅಪ್ಪನ ಮೇಲೆ ಇವತ್ತಿಗೂ ನನಗೆ ಸಿಟ್ಟಿದೆ.

ಅಕ್ಕನಿಗೆ ಜೊತೆಯಿರಲೆಂದು ರಾಯಚೂರಿಗೆ ನನ್ನನ್ನೂ ಕರೆದೊಯ್ದರು. ಮೈಕಿನಲ್ಲಿ "ಸುಜಾತಾ, ಮಸ್ಕಿ" ಎಂದು ಕರೆದಾಗ, ಹಾಜರಿಗೆ ಓಗೊಟ್ಟ ರೂಢಿಯಲ್ಲಿ ನಾನೇ ಎದ್ದು "ಬಂದೆ ರೀ" ಎಂದುಬಿಟ್ಟೆ. ಮಾಸ್ತರರು ನನ್ನ ತೊಡೆ ಚಿವುಟಿ ಕೂರಿಸಿ, "ಬಾಯಿ ಮುಚ್ಕೊಂಡು ಕುಂದ್ರು ಲೇ" ಎಂದರು. ಎರಡನೆಯ ಸಲ ಕರೆದರು. ಅಕ್ಕ ಅಲುಗಲಿಲ್ಲ. ಮೂರನೆಯ ಸಲಕ್ಕೆ ನನ್ನನ್ನೇ ನೋಡುತ್ತಾ, "ನಾನ ರೀ ಸುಜಾತಾ" ಎಂದು ಎದ್ದು ಹೋದಳು. ಉಳಿದ ಹುಡುಗಿಯರು ನಾಲ್ಕು ಅಡಿ ನಾಲ್ಕು ಇಂಚಿಗೆ ನಿಂತರು. ಅಕ್ಕ ಬರಿಗಾಲಲ್ಲಿ ನಾಲ್ಕು ಅಡಿ ಏಳು ಇಂಚು ದಾಟಿದಳು. ಬಸ್ಸಿನಲ್ಲಿ ಪ್ರಮಾಣಪತ್ರವನ್ನು ನನ್ನ ಮಡಿಲಿಗೆ ಹಾಕಿ, "ತಗೋ, ನಿನ್ನ ಹೆಸರೈತಿ" ಎಂದು ಕಿಟಕಿಯ ಕಡೆ ತಿರುಗಿದಳು. ಮರುದಿನ ಪ್ರಾರ್ಥನೆಯಲ್ಲಿ ನನ್ನನ್ನು ಮುಂದೆ ಕರೆದು ಹಾರ ಹಾಕಿದರು. ಜಿಗಿದವಳು ಯಾರೆಂದು ಇಡೀ ಶಾಲೆಗೆ ಗೊತ್ತಿತ್ತು. ಆದರೂ ಎಲ್ಲರೂ ಚಪ್ಪಾಳೆ ತಟ್ಟಿದರು, ಅಕ್ಕನೂ ತಟ್ಟಿದಳು. ವಾರದೊಳಗೆ ಪೇಂಟರ್ ಬಂದು ಶಾಲೆಯ ವಿಜೇತರ ಫಲಕದ ಮೇಲೆ ನನ್ನ ಹೆಸರು ಬರೆದ.

ಇಷ್ಟಕ್ಕೇ ಮುಗಿದಿದ್ದರೆ ಡ್ರಿಲ್ ಮಾಸ್ತರರನ್ನು ಬೈದು ಸುಮ್ಮನಾಗಬಹುದಿತ್ತು. ಅಕ್ಕ ಗಣಿತದಲ್ಲಿ ಫೇಲಾದಳು, ಸಂತೆಕಲ್ಲೂರಿಗೆ ಮದುವೆ ಮಾಡಿ ಕೊಟ್ಟರು. ನಾನು ಆ ಪ್ರಮಾಣಪತ್ರ ಹಿಡಿದು ಕ್ರೀಡಾ ಕೋಟಾದಲ್ಲಿ ಟಿ.ಸಿ.ಎಚ್. ಸೀಟು ಪಡೆದೆ, ಮಾಸ್ತರಿಕೆ ಹಿಡಿದೆ. ನನಗೆ ಮನೆಯ ಹೊಸ್ತಿಲು ದಾಟುವಷ್ಟೇ ಜಿಗಿತ ಬರುತ್ತಿತ್ತು. ಅರ್ಜಿ ತುಂಬುವಾಗ ಅಕ್ಕನನ್ನು ಕೇಳಿದೆ, ಅದೂ ನೆಪಕ್ಕೆ. "ಯಾರರ ಒಬ್ರು ಉಂಡ್ರ ಆತು" ಎಂದಳು. ನಾನು ಉಂಡೆ. ಅವಳು ಜೋಳದ ಹೊಲದಲ್ಲಿ ಕಳೆ ಕಿತ್ತಳು.

ಒಂದು ಸಲ ಅಕ್ಕ ಮಸ್ಕಿ ಸಂತೆಗೆ ಬಂದಾಗ ಮಗಳು ಯಮನವ್ವನಿಗೆ ಶಾಲೆ ತೋರಿಸಲು ಕರೆತಂದಿದ್ದಳು. ಜೊತೆಗೆ ನಾನೂ ಇದ್ದೆ. ಆ ಹುಡುಗಿ ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತಿದ್ದಳು. ಫಲಕ ಓದಿ, "ಯವ್ವಾ, ಚಿಗವ್ವನ ಹೆಸರೈತಿ" ಎಂದಳು.

"ಹ್ಞೂಂ. ನಿಮ್ಮ ಚಿಗವ್ವ ಬಾಳ ಎತ್ತರ ಜಿಗೀತಿದ್ಲು" ಎಂದಳು ಅಕ್ಕ.

ಹುಡುಗಿ ನನ್ನತ್ತ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಜೀವನದಲ್ಲಿ ಮಾಡಿದ ನೀಚ ಕೆಲಸ ಯಾವುದೆಂದು ಯಾರಾದರೂ ಕೇಳಿದರೆ ಕೋಟಾದ ಸೀಟನ್ನು ಹೇಳುವುದಿಲ್ಲ, ಆ ತಲೆಯಾಡಿಸಿದ್ದನ್ನು ಹೇಳುತ್ತೇನೆ.

ಆ ಮನೆ ಈಗ ಇಲ್ಲ. ರಸ್ತೆ ಅಗಲವಾಯಿತು, ಬೇವಿನ ಗಿಡ ಕಡಿದರು, ಅಂಗಳವಿದ್ದಲ್ಲಿ ಗೊಬ್ಬರದ ಅಂಗಡಿ ಬಂತು. ಅಪ್ಪ ಅವ್ವ ಇಬ್ಬರೂ ಹೋದರು. ಮೂರು ವರ್ಷದ ಹಿಂದೆ ಅಕ್ಕನೂ ತೀರಿಕೊಂಡಳು. ಸುವರ್ಣ ಮಹೋತ್ಸವಕ್ಕೆಂದು ಫಲಕಕ್ಕೆ ಹೊಸ ಬಣ್ಣ ಹಚ್ಚಿಸುತ್ತಾರಂತೆ. ಹೆಡ್‌ಮಾಸ್ತರರೇ, ನಿಮ್ಮ ಸನ್ಮಾನದ ಶಾಲು ನನಗೆ ಬೇಡ. ನನ್ನ ಸರ್ವೀಸು ಇನ್ನೂ ಮುಗಿದಿಲ್ಲ, ಇದನ್ನು ಅಚ್ಚು ಹಾಕಿದರೆ ಇಲಾಖೆಯಿಂದ ನೋಟಿಸು ಬರುತ್ತದೆಂದು ನನಗೆ ಗೊತ್ತು, ಬರಲಿ. ಎತ್ತರ ಜಿಗಿತದಲ್ಲಿ ಜಿಲ್ಲೆಗೆ ಮೊದಲು ಬಂದವಳು ನಮ್ಮಕ್ಕ ದುರುಗಮ್ಮ. ಹಾಗೆಂದೇ ಬರೆಸಿ.

ಇದನ್ನು ನಿಮಗೆ ಕಳಿಸುವ ಮೊದಲು ಸಂತೆಕಲ್ಲೂರಿಗೆ ಹೋಗಿ ಯಮನವ್ವನಿಗೆ ಓದಿ ಹೇಳಿದೆ. ಈಗ ಅವಳೇ ಎರಡು ಮಕ್ಕಳ ತಾಯಿ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಅವಳು, "ಎಷ್ಟು ಎತ್ತರ ಚಿಗವ್ವ?" ಎಂದಳು. ಗೋಡೆಯ ಹತ್ತಿರ ಹೋಗಿ ಅಂದಾಜಿನಲ್ಲಿ ಅಂಗೈ ಅಡ್ಡ ಹಿಡಿದು ತೋರಿಸಿದೆ. ಅವಳು ಎದ್ದು ಬಂದು ನನ್ನ ಕೈಗೆ ಒತ್ತಿ ನಿಂತಳು. ಕೈ ಅವಳ ಗದ್ದಕ್ಕೆ ತಾಕಿತು. ಅವಳು ಅಲ್ಲಿಂದ ಕದಲಲಿಲ್ಲ, ನಾನೂ ಕೈ ಇಳಿಸಲಿಲ್ಲ.