ಹಾಜರಿ ಚೀಟಿ ಓದುತ್ತಿದ್ದವಳು

ಮಗುವಿನ ಮನಸ್ಸು ಮೊಗ್ಗಿನಂಥದು, ಅದನ್ನು ಪ್ರೀತಿಯಿಂದ ಅರಳಿಸಬೇಕು. ಈ ಮಾತನ್ನು ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಶಾಲೆಯ ಗೋಡೆಗೆ ನೀಲಿ ಬಣ್ಣದಲ್ಲಿ ಬರೆಸಿದ್ದೆ. ಬರೆಯುವಾಗ ಏಣಿಯ ಹತ್ತಿರ ಗದ್ದಲ ಮಾಡಿದ ಇಬ್ಬರಿಗೆ ಅಲ್ಲೇ ಎರಡೆರಡು ಏಟು ಕೊಟ್ಟೆ.

ಹೋದ ವಾರ ಗಂಗಾವತಿಯ ಒಂದು ಮದುವೆಯಲ್ಲಿ ಅಡುಗೆಯ ಕಡೆಯಿಂದ ತಳ ಹಿಡಿದ ಅನ್ನದ ವಾಸನೆ ಬಂತು. ಉಳಿದವರು ಮೂಗು ಮುರಿದರು. ನನಗೆ ಚಾಚಿ ನೆನಪಾದಳು... ಅಳವಂಡಿ ಕಡೆಯ ನಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದವಳು. ಮಕ್ಕಳು ಚಾಚಿ ಎನ್ನುತ್ತಿದ್ದರು, ಮಾಸ್ತರರಾದ ನಾವೂ ಹಾಗೇ ಕರೆದೆವು. ಪಾತ್ರೆಯ ತಳ ಕೆರೆದು, ಉಂಡೆ ಕಟ್ಟಿ, ಅಳುವ ಮಕ್ಕಳ ಕೈಗಿಡುವುದು ಅವಳ ಪದ್ಧತಿ. ಇದು ಯಾವ ಸುತ್ತೋಲೆಯಲ್ಲೂ ಇಲ್ಲವೆಂದು ನಾನು ಎರಡು ಸಲ ಎಚ್ಚರಿಸಿದ್ದೆ.

ಎರಡನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಶಾಲೆಗೆ ಸೇರಿ ಒಂದೂವರೆ ವರ್ಷವಾದರೂ ತುಟಿ ಬಿಚ್ಚಿರಲಿಲ್ಲ. ತಂದೆ ತಾಯಿ ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಹೋಗಿದ್ದರು, ಇವಳು ಅಜ್ಜಿಯ ಹತ್ತಿರ. ಮೊಮ್ಮಗಳಿಗೆ ಮಾತು ಬರುತ್ತದೇನು ಎಂದು ಅಜ್ಜಿಯನ್ನು ಸನ್ನೆ ಮಾಡಿ ಕೇಳಿದೆ. "ಯಾರಿಗ್ಗೊತ್ತರಿ, ನನಗ ಸಿಡ್ಲು ಬಡದ್ರೂ ಕೇಳೂದಿಲ್ಲ" ಎಂದಳು.

ಹುಡುಗಿ ಮೂಗಿ ಎಂದು ನಾನು ತೀರ್ಮಾನಿಸಿದೆ. ಕೊಪ್ಪಳದಲ್ಲಿ ಮಾತು ಬಾರದ ಮಕ್ಕಳ ವಸತಿ ಶಾಲೆಗೆ ಸೇರಿಸಲು ಅರ್ಜಿ ತುಂಬಿ ಅಜ್ಜಿಯ ಹೆಬ್ಬೆಟ್ಟು ಒತ್ತಿಸಿದೆ. ಸೋಮವಾರ ಕರೆದೊಯ್ಯುವುದೆಂದಾಯಿತು. ಪುಣ್ಯದ ಕೆಲಸ ಮಾಡಿದ ತೃಪ್ತಿಯಲ್ಲಿ ಆ ದಿನ ಯಾರನ್ನೂ ಹೊಡೆಯಲಿಲ್ಲ.

ಎಷ್ಟು ಮಕ್ಕಳಿಗೆ ಅಡುಗೆ ಎಂಬುದನ್ನು ದಿನಾ ಬೆಳಿಗ್ಗೆ ತರಗತಿವಾರು ಚೀಟಿಯಲ್ಲಿ ಬರೆದು ಚಾಚಿಗೆ ಕಳಿಸುತ್ತಿದ್ದೆ. ಒಯ್ಯುವವಳು ಅದೇ ಹುಡುಗಿ. ದಾರಿಯಲ್ಲಿ ಹರಟೆ ಹೊಡೆಯುವುದಿಲ್ಲವಲ್ಲ! ಆ ಶನಿವಾರ ಚೀಟಿ ಹೋದ ಮೇಲೆ ಸಂಖ್ಯೆ ತಪ್ಪಾಯಿತೆನ್ನಿಸಿ ನಾನೂ ಹಿಂದೆ ಹೋದೆ. ಅಡುಗೆಮನೆಯೊಳಗೆ ಎಳೆಯ ದನಿಯೊಂದು ಕೇಳಿಸಿತು.

"ಮೂರನೇತ್ತಿ ಹದಿನೇಳು, ನಾಕನೇತ್ತಿ ಹನ್ನೊಂದು... ಚಾಚಿ, ಸರ ಏಳು ಭಾಳ ಸೊಟ್ಟ ಬರೀತಾರ."

"ಬರೀಲಿ ಬಿಡವಾ. ಸಣ್ಣವರಿದ್ದಾಗ ಅವರಿಗೆ ಯಾರೂ ಕೈ ಹಿಡದು ತಿದ್ದಿಸಿಲ್ಲ, ಏನ್ ಮಾಡ್ತಾರ?"

ನಾನು ಬಾಗಿಲಲ್ಲೇ ನಿಂತೆ. ಚಾಚಿಗೆ ಅಕ್ಷರವೂ ಬಾರದು, ಅಂಕಿಯೂ ಬಾರದು. ತಿಂಗಳು ತಿಂಗಳು ಅವಳ ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸುತ್ತಿದ್ದವನೇ ನಾನು. ಅಂಥವಳಿಗೆ ದಿನಾ ಚೀಟಿ ಬರೆದು ಕಳಿಸುತ್ತಿದ್ದೆ! ಓದುವವರು ಯಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ನನ್ನನ್ನು ಕಂಡ ಹುಡುಗಿ ಚಾಚಿಯ ಸೆರಗಿನ ಹಿಂದೆ ಸರಿದಳು.

"ಈಕಿ ಮಾತಾಡ್ತಾಳ?" ತೊದಲಿದವನು ನಾನು.

"ತಲಿ ತಿಂತಾಳ್ರಿ."

"ಮತ್ತ ಕ್ಲಾಸಿನ್ಯಾಗ?"

ಚಾಚಿ ಸೌಟು ಕೆಳಗಿಟ್ಟಳು. "ಮೊದಲ್ನೇ ದಿನಾ ನಮ್ಮವ್ವ ಯಾವಾಗ ಬರ್ತಾಳ್ರಿ ಅಂತ ನಿಮ್ಮನ್ನ ಕೇಳ್ಯಾಳಂತ. ನೀವು ಮೇಜಿಗೆ ಬೆತ್ತ ಬಡದು ಬಾಯಿ ಮುಚ್ಚು ಅಂದ್ರಂತ. ಮುಚ್ಯಾಳ. ತೆರಿ ಅಂತ ನೀವು ಇನ್ನೂ ಹೇಳಿಲ್ಲರಿ ಸರ."

ನನಗೆ ಆ ದಿನ ನೆನಪೇ ಇರಲಿಲ್ಲ... ಈಗಲೂ ಇಲ್ಲ. ಎದೆ ಒಡೆಸಿದ್ದು ಅದೇ. ಇಂಥವು ಇನ್ನೆಷ್ಟು ಮರೆತಿದ್ದೆನೋ. ಅವಳಿಗೆ ಮಾತು ಬರುವುದು ಉಳಿದ ಮಕ್ಕಳಿಗೆಲ್ಲ ಗೊತ್ತಿತ್ತಂತೆ. ಕೇಳದೆ ಮಾತಾಡಬಾರದೆಂಬುದು ನನ್ನದೇ ಕಾಯಿದೆ, ನಾನು ಕೇಳಿರಲಿಲ್ಲ.

ವಸತಿ ಶಾಲೆಯ ವಿಷಯ ಹೇಳಿದಾಗ ಚಾಚಿ ತಲೆಯ ಮೇಲೆ ಕೈಯಿಟ್ಟುಕೊಂಡಳು. "ಯಾ ಅಲ್ಲಾ! ಇಷ್ಟು ಮಾತಿನ ಪೋರಿನ ಒಯ್ದು ಎಲ್ಲಿ ಬಿಡಾಕ ಹೊಂಟೀರಿ?"

ಅರ್ಜಿ ತಂದು ಒಲೆಗೆ ಹಾಕಿದೆ. ಆಮೇಲೆ ಹುಡುಗಿಯ ಕಡೆ ತಿರುಗಿ, ನನಗೆ ತಿಳಿದ ಒಂದೇ ದನಿಯಲ್ಲಿ, "ಮಾತಾಡು" ಎಂದು ಅಪ್ಪಣೆ ಮಾಡಿದೆ. ಅವಳು ಚಾಚಿಯ ಸೆರಗಿನೊಳಗೆ ಮುಖ ಹುದುಗಿಸಿದಳು.

"ಹಂಗಲ್ರಿ ಸರ. ಬೆತ್ತ ಹೊರಗಿಟ್ಟು ಬರ್ರಿ. ಕುಂತು ಬೆಳ್ಳುಳ್ಳಿ ಸುಲೀರಿ."

ಮೇಲಧಿಕಾರಿಗಳ ಆದೇಶವನ್ನು ಮೀರದ ನಾನು ಅದನ್ನೂ ಮೀರಲಿಲ್ಲ. ಎರಡು ವಾರ ದಿನಾ ಕಾಲು ಗಂಟೆ ನೆಲದ ಮೇಲೆ ಕುಳಿತು ಸುಲಿದೆ. ನಾನಿರುವಾಗಲೇ ಅವಳು ಚಾಚಿಗೆ ಚೀಟಿ ಓದತೊಡಗಿದಳು. ತಿಂಗಳೊಳಗೆ ತರಗತಿಯಲ್ಲಿ ಕಲಿಸುವ ಅಕ್ಕೋರ ಮುಂದೆ ಪಾಠ ಓದಿದಳು. ನಾನು ಕಿಟಕಿಯ ಹೊರಗೆ ನಿಂತು ಕೇಳಿದೆ.

ಚಾಚಿ ತೀರಿಕೊಂಡು ಎರಡು ವರ್ಷವಾಯಿತಂತೆ. ಆ ಮದುವೆಗೆ ಬಂದಿದ್ದ ಊರಿನವರೊಬ್ಬರು ಹೇಳಿದರು. ನಿವೃತ್ತನಾದ ಮೇಲೆ ನಾನು ಒಮ್ಮೆಯೂ ಹೋಗಿ ನೋಡಿರಲಿಲ್ಲ... ನನಗೆ ತಿಳಿಸಬೇಕೆಂದು ಯಾರಿಗೂ ತೋಚಿರಲಿಲ್ಲ.

ಆ ಹುಡುಗಿ ಐದನೆಯ ತರಗತಿ ಮುಗಿಸಿ ಹೋಗುವವರೆಗೆ ಶಾಲೆಯಲ್ಲಿ ಎಲ್ಲರೊಡನೆ ಮಾತಾಡಿದಳು. ನನ್ನೊಡನೆ ಮಾತಾಡಲಿಲ್ಲ.