ಮಾರಾಟಕ್ಕಿಲ್ಲದ ಕಂದೀಲಿನ ರೇಟು

ಮೋಡಕಾ ಸಾಮಾನು, ಅಂದರೆ ಗುಜರಿ, ಕೊಳ್ಳುವವನ ಗಾಡಿ ನಮ್ಮ ಓಣಿಗೆ ಬಂತೆಂದರೆ ನನ್ನ ಹೆಂಡತಿಗೆ ಎಲ್ಲಿಲ್ಲದ ಉತ್ಸಾಹ. ಮೊನ್ನೆ ಬೆಳಿಗ್ಗೆಯೂ ಹಾಗೇ ಆಯಿತು. ಅಟ್ಟದ ಮೇಲಿನ ಹಳೇ ಬಕೆಟು, ತೂತು ಬಿದ್ದ ಪಾತೇಲಿ, ಕಾಲು ಮುರಿದ ಕುರ್ಚಿ ಎಲ್ಲವನ್ನೂ ಇಳಿಸಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಸಾಲಿನ ಕೊನೆಗೆ ಒಂದು ಕಂದೀಲು. ಮೈತುಂಬ ಧೂಳು, ಆದರೆ ಒಳಗಿನ ಬತ್ತಿ ಇನ್ನೂ ಬೆಳ್ಳಗೇ ಇತ್ತು, ಯಾಕೆಂದರೆ ಅದನ್ನು ಒಮ್ಮೆಯೂ ಹೊತ್ತಿಸಿರಲಿಲ್ಲ. ಗಾಡಿಯವನು ಅದನ್ನು ಎತ್ತಿ ಅಲ್ಲಾಡಿಸಿ, "ಬರೇ ತಗಡ ಐತ್ರಿ ಅಕ್ಕಾರ, ತೂಕಿಲ್ಲ" ಎಂದ. ಪೇಪರು ಓದುತ್ತಿದ್ದ ನಾನು ಎದ್ದು ಬಂದು, "ಸ್ವಲ್ಪ ತಡಿಯಪಾ" ಎಂದೆ. ಅವನು ಬೇವಿನ ಗಿಡದ ಕೆಳಗೆ ಕೂತು ಬೀಡಿ ಹೊತ್ತಿಸಿದ. ಆ ಬೀಡಿ ಮುಗಿಯುವಷ್ಟರಲ್ಲಿ ನನಗೆ ನೆನಪಾದದ್ದನ್ನೇ ಈಗ ನಿಮಗೆ ಹೇಳುತ್ತಿದ್ದೇನೆ. ಹೇಳಲು ಮಾತ್ರ ನನಗೆ ಒಂದು ಕಟ್ಟು ಬೀಡಿಯಷ್ಟು ಹೊತ್ತು ಬೇಕು.

ಆಗ ನಾನು ಬೆಲೆ ಬರೆದುಕೊಳ್ಳುವ ನೌಕರಿಯಲ್ಲಿದ್ದೆ. ಇಂಥದೊಂದು ನೌಕರಿ ಇದೆಯೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಸೇರುವ ಮೊದಲು ನನಗೂ ಗೊತ್ತಿರಲಿಲ್ಲ. ದೇಶದಲ್ಲಿ ಬದುಕುವ ಖರ್ಚು ಎಷ್ಟು ಏರಿತು ಎಂದು ದಿಲ್ಲಿಯವರು ತಿಂಗಳು ತಿಂಗಳು ಒಂದು ಅಂಕಿ ಹೇಳುತ್ತಾರಲ್ಲ, ಆ ಅಂಕಿಯ ಒಂದು ಬೇರು ರಾಯಬಾಗದ ಸಂತೆಯಲ್ಲಿ ಇತ್ತು, ಇನ್ನೊಂದು ನಿಪ್ಪಾಣಿಯ ಪೇಟೆಯಲ್ಲಿ, ಮತ್ತೊಂದು ಕಾಗವಾಡದಲ್ಲಿ. ಚಿಕ್ಕೋಡಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ನಾನು ಬಸ್ಸಿನಲ್ಲಿ ಈ ಬೇರುಗಳಿಗೆ ನೀರು ಹಾಕಿಕೊಂಡು ತಿರುಗುತ್ತಿದ್ದೆ. ಕೆಲಸ ಸರಳ. ಅದೇ ಅಂಗಡಿ, ಅದೇ ವಸ್ತು, ಅದೇ ಗುಣಮಟ್ಟ; ಈ ಸಲ ಎಷ್ಟು ಎಂದು ಕೇಳಬೇಕು, ಬರೆದುಕೊಳ್ಳಬೇಕು. ವಸ್ತು ಅಂಗಡಿಯಲ್ಲಿ ಇರುವುದನ್ನು ಕಣ್ಣಾರೆ ನೋಡಬೇಕು. ಯಾವ ಅಂಗಡಿ ಎಂಬುದನ್ನು ಯಾರಿಗೂ ಹೇಳಬಾರದು. ನಮ್ಮ ಪಟ್ಟಿಯನ್ನು ಯಾವ ಕಾಲದಲ್ಲಿ ಯಾರು ಮಾಡಿದ್ದರೋ, ಅದರಲ್ಲಿ ಕಂದೀಲು ಇತ್ತು. ಮಧ್ಯಮ ಗಾತ್ರದ್ದು, ಗಾಜು ಸಮೇತ.

ಈ ಕೆಲಸಕ್ಕೆ ಮರ್ಯಾದೆ ಕಡಿಮೆ, ಸಂಶಯ ಜಾಸ್ತಿ. ಅಥಣಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನನ್ನ ಹೆಂಡತಿಯ ತಮ್ಮ ಊಟಕ್ಕೆ ಬಂದಾಗೆಲ್ಲ, "ಮಾಮಾ, ಬ್ಯಾಳಿ ರೇಟ ಒಂದೀಟ ಏರಿಸಿ ಬರೀರಲಾ, ನಮ್ಮ ಡಿಎ ಏರತೈತಿ" ಎನ್ನುತ್ತಿದ್ದ. ಚೇಷ್ಟೆಗೇ ಅನ್ನುತ್ತಿದ್ದ, ಆದರೆ ಅಂದ ಮೇಲೆ ನನ್ನ ಮುಖವನ್ನು ಒಂದು ಕ್ಷಣ ನೋಡುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಇಡೀ ದೇಶದ ಡಿಎ ನನ್ನ ಪೆನ್ನಿನ ತುದಿಯಲ್ಲಿ ಇದೆಯೆಂದು ಅವನು ನಂಬಿದ್ದಾನಲ್ಲ ಎಂದು ಒಳಗೊಳಗೇ ಸಂತೋಷವೂ ಆಗುತ್ತಿತ್ತು.

ರಾಯಬಾಗದಲ್ಲಿ ನನ್ನ ಅಂಗಡಿ ಎಂದರೆ ತಾತ್ಯಾನ ಅಂಗಡಿ. ಹಗ್ಗ, ಬುಟ್ಟಿ, ಕುಡಗೋಲು, ಬಕೆಟು, ಮೊಳೆ, ಎಲ್ಲವೂ ಸಿಗುವ ಅಂಗಡಿ. ಊರೆಲ್ಲ ತಾತ್ಯಾ ಎನ್ನುತ್ತಿದ್ದರು, ನಾನೂ ಅಂದೆ. ಮೊದಲ ಸಲ ಹೋದಾಗ ನನ್ನನ್ನು ಸೇಲ್ಸ್ ಟ್ಯಾಕ್ಸಿನವನೆಂದು ತಿಳಿದು, "ಮಾಲಕರು ಊರಾಗ ಇಲ್ಲರಿ" ಎಂದಿದ್ದ. ಮಾಲಕ ಅವನೇ. ನನ್ನ ಕೆಲಸವನ್ನು ಬಿಡಿಸಿ ಹೇಳಿದ ಮೇಲೆ ಅವನ ಮುಖದ ಮೇಲೆ ಬೆಳಕು ಮೂಡಿತು. "ಅಂದ್ರ ನಾ ಹೇಳಿದ ರೇಟ ದಿಲ್ಲಿಗೆ ಹೋಗತೈತ್ರಿ?" ಎಂದು ಕೇಳಿದ. ಹೌದು, ಆದರೆ ಇದು ಗುಪ್ತವಾಗಿ ಇರಬೇಕು ಎಂದೆ. ಮುಂದಿನ ಸಲ ಹೋದಾಗ ಪಕ್ಕದ ಬಟ್ಟೆ ಅಂಗಡಿಯವನಿಗೆ ತಾತ್ಯಾ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಅವ್ರ ಯಾರು, ಯಾಕ ಬರತಾರ ಅಂತ ನನಗ ಹೇಳಾಕ ಬರಂಗಿಲ್ಲಪಾ. ಸರಕಾರದ ಗುಪ್ತ ಐತಿ." ಅಷ್ಟು ಗಟ್ಟಿಯಾಗಿ ಗುಪ್ತ ಕಾಯುವವನನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ನಾನು ಹೋಗುವ ದಿನ ತಾತ್ಯಾ ತಲೆಗೆ ಬಿಳಿ ಟೋಪಿ ಹಾಕಿಕೊಂಡು ಕೂತಿರುತ್ತಿದ್ದ. ಚಹಾ ತರಿಸುತ್ತಿದ್ದ, ಮಾಹಿತಿ ಕೊಡುವವರಿಂದ ಏನೂ ತೆಗೆದುಕೊಳ್ಳಬಾರದೆಂಬ ನಿಯಮವಿದ್ದುದರಿಂದ ನಾನು ನನ್ನ ಚಹಾದ ದುಡ್ಡು ನಾನೇ ಕೊಡುತ್ತಿದ್ದೆ. ಅವನಿಗೆ ಅದು ಅವಮಾನ, ನನಗೆ ಸಂಕಟ. ಆಮೇಲೆ ಹಗ್ಗ ಎಷ್ಟು, ಬಕೆಟು ಎಷ್ಟು ಎಂದು ಸಾಗಿ ಕೊನೆಗೆ ಕಂದೀಲಿಗೆ ಬರುತ್ತಿದ್ದೆವು. ಅದು ಮೇಲೆ ಒಂದು ಕೊಂಡಿಗೆ ತೂಗುತ್ತಿತ್ತು. ತಾತ್ಯಾ ಎದ್ದು ಅದನ್ನು ಇಳಿಸಿ, ಹೆಗಲ ಮೇಲಿನ ವಸ್ತ್ರದಿಂದ ಒರೆಸಿ, ಗಾಜಿಗೆ ಹಾ ಎಂದು ಬಾಯಿಯಿಂದ ಆವಿ ಬಿಟ್ಟು ಇನ್ನೊಮ್ಮೆ ಒರೆಸಿ ನನ್ನ ಮುಂದೆ ಇಡುತ್ತಿದ್ದ. ಕಣ್ಣಾರೆ ನೋಡಬೇಕೆಂಬ ನಿಯಮ ಹೀಗೆ ಬಹಳ ಚೆನ್ನಾಗಿ ಪಾಲನೆಯಾಗುತ್ತಿತ್ತು. ರೇಟು ಒಮ್ಮೆ ಏರುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. ನಾನು ಬರೆದುಕೊಂಡು ಬಸ್ಸು ಹಿಡಿಯುತ್ತಿದ್ದೆ.

ಹೀಗೆ ಕೆಲವು ವರ್ಷ ಕಳೆದವು. ನನ್ನದು ಇನ್ನೂ ಹಂಗಾಮಿ ನೌಕರಿ. ಕಾಯಂ ಮಾಡುವ ಕಡತ ಕಡೆಗೂ ಮೇಲಿನ ಕಚೇರಿಗೆ ಹೋಗಿತ್ತು. ಅದೇ ಹೊತ್ತಿಗೆ ತಪಾಸಣೆ ಬಂತು. ನಾವು ಬರೆದದ್ದು ನಿಜವೋ, ಮನೆಯಲ್ಲಿ ಕೂತು ತುಂಬಿದ್ದೋ ಎಂದು ನೋಡಲು ಮೇಲಿನವರು ಆಗಾಗ ಬರುತ್ತಾರೆ. ನಾವು ಕೇಳಿದ ಅಂಗಡಿಯಲ್ಲೇ ಗಿರಾಕಿಯಂತೆ ಮತ್ತೆ ಕೇಳುತ್ತಾರೆ. ಬಂದವರು ಒಬ್ಬ ಮೇಡಂ, ಸೊಲ್ಲಾಪುರದ ಕಡೆಯವರು, ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವರು. ಅವರ ವರದಿ ಕೆಟ್ಟದಾದರೆ ನನ್ನ ಕಾಯಂ ಕಡತ ಹೋದ ದಾರಿಯಲ್ಲೇ ವಾಪಸು ಬರುತ್ತದೆ, ಬಹುಶಃ ನೌಕರಿಯನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಆಗ ನನ್ನ ಮಗಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಹಿಂದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದು ಹೇಳಿದರೆ ನೀವು ಆಶ್ಚರ್ಯಪಡುವುದಿಲ್ಲ.

ರಾಯಬಾಗದಲ್ಲಿ ಇಳಿದ ಕೂಡಲೇ ಮೇಡಂ ನನ್ನನ್ನು ತಾತ್ಯಾನ ಅಂಗಡಿಯ ಎದುರಿಗಿದ್ದ ಚಹಾದ ಅಂಗಡಿಯಲ್ಲಿ ಕೂರಿಸಿ, "ನಾ ಕರೆಯೂ ತನಕ ಬರಬ್ಯಾಡ್ರಿ" ಎಂದು ರಸ್ತೆ ದಾಟಿದರು. ನನಗೆ ಅಲ್ಲಿಂದ ಎಲ್ಲ ಕಾಣುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ. ನಡುವೆ ಕಬ್ಬಿನ ಟ್ರ್ಯಾಕ್ಟರುಗಳು ಬೇರೆ ಹಾಯುತ್ತಿದ್ದವು. ಒಂದು ಟ್ರ್ಯಾಕ್ಟರು ಹಾದು ಹೋದಾಗ ಮೇಡಂ ಹಗ್ಗ ನೋಡುತ್ತಿದ್ದರು. ಇನ್ನೊಂದು ಹಾದಾಗ ತಾತ್ಯಾ ಕಂದೀಲು ಇಳಿಸಿ ಒರೆಸುತ್ತಿದ್ದ. ಮೂರನೆಯದು ಹಾಯುವ ಹೊತ್ತಿಗೆ ಮೇಡಂ ಪರ್ಸು ತೆಗೆದಿದ್ದರು, ತಾತ್ಯಾ ಎರಡೂ ಕೈ ಅಲ್ಲಾಡಿಸುತ್ತಿದ್ದ. ಆಮೇಲೆ ಅವನು ಕಂದೀಲನ್ನು ಅವರ ಕೈಯಿಂದ ಹೆಚ್ಚುಕಡಿಮೆ ಕಸಿದುಕೊಂಡು ಮತ್ತೆ ಕೊಂಡಿಗೆ ಹಾಕಿಬಿಟ್ಟ. ಮೇಡಂ ನನ್ನ ಕಡೆ ತಿರುಗಿ ಕೈ ಮಾಡಿ ಕರೆದರು.

ನನ್ನನ್ನು ಕಂಡದ್ದೇ ತಡ, ತಾತ್ಯಾನಿಗೆ ಜೀವ ಬಂದಂತಾಯಿತು. "ಬರ್ರಿ ಸಾಹೇಬ್ರ, ಈ ಅಕ್ಕಾರಿಗೆ ನೀವ ಹೇಳ್ರಿ. ರೇಟ ಕೇಳಿದ್ರು, ಹೇಳೇನಿ. ಈಗ ಕೊಡ ಅಂತ ಕುಂತಾರ. ಇದ ಮಾರಾಕ ಅಲ್ರಿ, ನಿಮ್ಮ ಸಲುವಾಗಿ ಇಟ್ಟದ್ದು. ಇದನ್ನ ಮಾರಿದ್ರ ಮುಂದಿನ ತಿಂಗಳ ನಿಮಗ ಏನ ತೋರಿಸ್ಲಿ?"

ನಾನು ಅಲ್ಲೇ ಪಕ್ಕದಲ್ಲಿದ್ದ ಮೊಳೆಯ ಡಬ್ಬಿಯ ಮೇಲೆ ಕೂತುಬಿಟ್ಟೆ.

"ತಾತ್ಯಾ, ಇಂಥಾದ್ದೊಂದು ಕಂದೀಲ ಮಾರಿ ಎಷ್ಟ ದಿನಾ ಆತು?" ಮೇಡಂ ಮೆಲ್ಲಗೆ ಕೇಳಿದರು.

"ನಮ್ಮ ಮೊಮ್ಮಗಳ ಹುಟ್ಟೂಕಿಂತ ಮೊದಲರಿ. ಆಕಿ ಈಗ ಸಾಲಿಗೆ ಹೋಗತಾಳ."

"ಮತ್ತ ಹೊಲಕ್ಕ ನೀರ ಹಾಯಿಸಾಕ ರಾತ್ರಿ ಹೋಗವ್ರು ಏನ ಒಯ್ತಾರ?"

"ಚಾರ್ಜಿಂಗ ಬ್ಯಾಟರಿ ಒಯ್ತಾರ್ರಿ. ಕಂದೀಲ ಯಾರ ಒಯ್ತಾರ? ಚಿಮಣಿ ಎಣ್ಣಿನ ಸಿಗವಲ್ದು."

"ಹಂಗಾರ ಇಷ್ಟ ವರ್ಷ ರೇಟ ಎಲ್ಲಿಂದ ಹೇಳಿದ್ರಿ?"

ತಾತ್ಯಾನಿಗೆ ಈ ಪ್ರಶ್ನೆಯಿಂದ ನೋವಾಯಿತು. "ಎಲ್ಲಿಂದ ಅಂದ್ರ? ಮಾಲ ತರಾಕ ರೇಲ್ವೆಗೆ ಮಿರಜಕ್ಕ ಹೋಗತೇನಲ್ರಿ, ಅಲ್ಲಿ ಪ್ಯಾಟ್ಯಾಗ ಕೇಳ್ಕೊಂಡ ಬರ್ತೇನಿ. ಅಲ್ಲಿ ಏರಿದ್ರ ನಾನೂ ಏರಸೇನಿ, ಇಳದ್ರ ಇಳಸೇನಿ. ದಿಲ್ಲಿಗೆ ಹೋಗೂದ ಐತಿ, ಬಾಯಿಗೆ ಬಂದಿದ್ದ ಹೇಳಾಕ ಬರತೈತೇನ್ರಿ?"

ಮೇಡಂ ಬೋರಲು ಹಾಕಿದ ಒಂದು ಬಕೆಟಿನ ಮೇಲೆ ಕೂತು ಚೀಲದಿಂದ ಕಾಗದ ತೆಗೆದು ಬರೆಯತೊಡಗಿದರು. ಅವರ ಪೆನ್ನು ಓಡುವುದನ್ನು ನೋಡುತ್ತ ನಾನು ಮನಸ್ಸಿನಲ್ಲೇ ಬಾಡಿಗೆ ಮನೆ ಖಾಲಿ ಮಾಡಿದೆ, ಹೆಂಡತಿಯನ್ನು ಅಥಣಿಗೆ ಕಳಿಸಿದೆ, ಆ ಮಾಸ್ತರನ ಮುಂದೆ ಕೈಕಟ್ಟಿಕೊಂಡು ನಿಂತೆ. ತಾತ್ಯಾ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದ. ಅವನಿಗೆ ಈಗ ವಿಷಯ ಹೊಳೆದಿತ್ತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಅಕ್ಕಾರ, ಅವರದೇನ ತಪ್ಪಿಲ್ಲರಿ. ಅವ್ರ ಕೇಳಿದ್ದು ರೇಟ. ಮಾರತೀಯೇನು ಅಂತ ಕೇಳಾಕ ಅವರಿಗೆ ಯಾರೂ ಹೇಳಿರಾಕಿಲ್ಲ" ಎಂದ.

ಮೇಡಂ ತಲೆ ಎತ್ತಿದರು. "ಅದನ್ನ ಬರಿಯಾಕತ್ತೀನಿ" ಎಂದರು.

ಆಮೇಲೆ ಬರೆದದ್ದನ್ನು ನಮ್ಮಿಬ್ಬರಿಗೂ ಓದಿ ಹೇಳಿದರು. ಸಹಿ ಮಾಡುವ ಮೊದಲು ತಪಾಸಣೆಯ ವರದಿಯನ್ನು ಹಾಗೆ ಓದಿ ಹೇಳಿದ ಅಧಿಕಾರಿಯನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಅದರ ಸಾರಾಂಶ ಇಷ್ಟು: ಯಾರೂ ಕೊಳ್ಳದ ವಸ್ತುವಿಗೆ ಬೆಲೆ ಎಂಬುದಿಲ್ಲ, ಆದ್ದರಿಂದ ಕಂದೀಲನ್ನು ಪಟ್ಟಿಯಿಂದ ತೆಗೆದು ಜನ ಈಗ ಬಳಸುವ ಚಾರ್ಜಿಂಗ್ ಬ್ಯಾಟರಿ ದೀಪವನ್ನು ಸೇರಿಸಬೇಕು. ಬರೆದುಕೊಂಡವನು ಅಂಗಡಿಗೆ ತಪ್ಪದೆ ಬಂದಿದ್ದಾನೆ, ವಸ್ತುವನ್ನು ನೋಡಿದ್ದಾನೆ, ಹೇಳಿದ್ದನ್ನೇ ಬರೆದಿದ್ದಾನೆ. ಪಟ್ಟಿ ಮಾಡಿದ ನಾವು ಇಷ್ಟು ವರ್ಷ ಅದನ್ನು ತಿರುಗಿ ನೋಡದೇ ಇದ್ದದ್ದು ನಮ್ಮ ಕಚೇರಿಯ ತಪ್ಪು.

"ನಿಮ್ಮ ಕಚೇರಿ ತಪ್ಪು ಅಂತ ನೀವ ಬರದ್ರ ನಿಮಗ ತ್ರಾಸ ಆಗಂಗಿಲ್ಲೇನ್ರಿ?" ಎಂದು ತಾತ್ಯಾ ಕೇಳಿದ.

"ಆಗತೈತಿ. ಆದ್ರ ತಪಾಸಣಿ ಅಂದ್ರ ಬರೇ ಕೆಳಗ ನೋಡೂದಲ್ಲ" ಎಂದರು ಮೇಡಂ. ನನ್ನ ಕಡೆ ತಿರುಗಿ, "ನೀವ್ಯಾಕ ಹಿಂಗ ಬೆವತೀರಿ? ನಾ ಹೆದರಿದ್ದ ಬ್ಯಾರೆ, ನೀವ ರೇಟ ಮನ್ಯಾಗ ಹುಟ್ಟಿಸೀರೇನೋ ಅಂತ. ಒಂದ ರೇಟ ವರ್ಷಗಟ್ಟಲೆ ಅಲ್ಲಾಡದ ನಿಂತಿದ್ರ ಮನ್ಯಾಗ ಕುಂತ ಬರದಾರ ಅಂತ ಗೊತ್ತಾಗತೈತಿ. ನಿಮ್ಮದು ಏರಿ ಇಳದೈತಿ. ಈ ಭಾಗದಾಗ ಕಂದೀಲ ಯಾರೂ ಕೊಳ್ಳಂಗಿಲ್ಲ ಅಂತ ಬ್ಯಾರೆ ಸಂತ್ಯಾಗ ನೋಡಿದ್ದೆ. ಮಾರಾಟಿಲ್ಲದ ಮಾಲಿನ ರೇಟ ಹೆಂಗ ಏರಿ ಇಳೀತು ಅಂತ ನೋಡಾಕ ನಾ ಇಲ್ಲೀ ತನಕ ಬಂದೆ" ಎಂದರು.

ನಾನು ನಕ್ಕೆನೋ ಅತ್ತೆನೋ ಈಗ ನೆನಪಿಲ್ಲ. ಎದೆಯ ಮೇಲಿನಿಂದ ಕಬ್ಬು ತುಂಬಿದ ಟ್ರ್ಯಾಕ್ಟರು ಇಳಿದು ಹೋದಂತಾಗಿತ್ತು. ಬಹಳ ಹಸಿವೆಯಾಗಿತ್ತು ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ಮುಂಜಾನೆಯಿಂದ ಏನೂ ತಿಂದಿರಲಿಲ್ಲ.

ಮೇಡಂ ಕಾಗದ ಮಡಿಸಿ ಒಳಗಿಟ್ಟರು. ತಾತ್ಯಾ ಇನ್ನೂ ಕಂದೀಲಿನ ಕಡೆಗೇ ನೋಡುತ್ತಿದ್ದ. "ಹಂಗಾರ ಈಗ ಇದನ್ನ ಮಾರಬಹುದಲ್ರಿ?" ಎಂದ. ಅವನ ದನಿಯಲ್ಲಿ ಸಂತೋಷಕ್ಕಿಂತ ಬೇಸರವೇ ಹೆಚ್ಚಾಗಿತ್ತು. ಇನ್ನು ಮುಂದೆ ಇದರ ರೇಟು ಬರೆಯುವುದಿಲ್ಲ, ಯಾರು ಬೇಕಾದರೂ ಕೊಳ್ಳಬಹುದು ಎಂದರು ಮೇಡಂ. ನಾನು ತಗೋತೇನೆ ಎಂದೆ. ತಾತ್ಯಾ ಅದನ್ನು ಇಳಿಸಿ ಒರೆಸಿ, ಗಾಜಿಗೆ ಆವಿ ಬಿಟ್ಟು ಮತ್ತೆ ಒರೆಸಿ, ಹಳೇ ಪೇಪರಿನಲ್ಲಿ ಸುತ್ತಿದ. ನಾನು ದುಡ್ಡು ಕೊಡುತ್ತ, ಗಿರಾಕಿಯ ಚಟಕ್ಕೆ, ಸ್ವಲ್ಪ ಕಡಿಮೆ ಮಾಡು ತಾತ್ಯಾ ಎಂದೆ.

ಅವನು ನನ್ನನ್ನು ದಿಟ್ಟಿಸಿ ನೋಡಿದ. "ಒಂದ ರೂಪಾಯಿನೂ ಇಲ್ಲರಿ ಸಾಹೇಬ್ರ. ಇವತ್ತ ಕಡಿಮಿಗೆ ಕೊಟ್ರ, ಇಷ್ಟ ದಿನಾ ನಾ ಹೇಳಿದ್ದೆಲ್ಲಾ ಸುಳ್ಳಾಗತೈತಿ."

ಪೂರ್ತಿ ದುಡ್ಡು ಕೊಟ್ಟೆ. ಕೆಲವು ತಿಂಗಳ ಮೇಲೆ ಕಾಯಂ ಆದೇಶ ಬಂತು. ಪಟ್ಟಿ ಬದಲಾಗಲು ಅದಕ್ಕಿಂತ ಹೆಚ್ಚು ಸಮಯ ಹಿಡಿಯಿತು, ಆದರೆ ಬದಲಾಯಿತು.

ಬೇವಿನ ಗಿಡದ ಕೆಳಗೆ ಬೀಡಿ ಮುಗಿದಿತ್ತು. "ಏನಂತೀರಿ ಸಾಹೇಬ್ರ, ಹಾಕ್ಕೊಳ್ಳೇನ್ರಿ?" ಎಂದ ಗಾಡಿಯವನು. ಇದು ಮಾರಾಕಲ್ಲ ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ನನಗೇ ನಗು ಬಂತು. ಕಂದೀಲು ಯಾಕೆ ತಂದಿರಿ ಎಂದು ಹೆಂಡತಿ ಆಗ ಕೇಳಿದ್ದಳು, ಅಗ್ಗಕ್ಕೆ ಸಿಕ್ಕಿತು ಎಂದಿದ್ದೆ. ನೌಕರಿ ಕೂದಲೆಳೆಯಲ್ಲಿ ಉಳಿಯಿತೆಂದು ಅವಳಿಗೆ ಹೇಳುವ ಧೈರ್ಯ ಆಗಿರಲಿಲ್ಲ. ಮೊನ್ನೆ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿ ಅವಳು ಒಳಗೆ ಹೋಗಿ ಒಂದು ಒರೆಸುವ ಬಟ್ಟೆ ತಂದು ನನ್ನ ತೊಡೆಯ ಮೇಲೆ ಹಾಕಿದಳು. "ಮಾರಂಗಿಲ್ಲ ಅಂದ್ರ ಒರಸರ ಇಡ್ರಿ" ಎಂದಳು.

ಒರೆಸಿದೆ. ಗಾಜಿಗೆ ಹಾ ಎಂದು ಆವಿ ಬಿಟ್ಟು ಇನ್ನೊಮ್ಮೆ ಒರೆಸಿದೆ. ಆಮೇಲೆ ಎಷ್ಟೋ ದಿನದಿಂದ ಮಾಡದಿದ್ದ ಒಂದು ಫೋನು ಮಾಡಿದೆ. ಈಗ ಅಂಗಡಿ ಮಗ ನೋಡಿಕೊಳ್ಳುತ್ತಾನೆ, ಆದರೆ ಫೋನು ಎತ್ತುವುದು ತಾತ್ಯಾನೇ. ಕ್ಷೇಮ ಕೇಳಿದ ಮೇಲೆ, ಸುಮ್ಮನೆ ಚೇಷ್ಟೆಗೆ, "ತಾತ್ಯಾ, ಮಧ್ಯಮ ಗಾತ್ರದ ಕಂದೀಲು, ಗಾಜು ಸಮೇತ, ಈಗೇನು ರೇಟು?" ಎಂದೆ.

"ಎರಡ ದಿನಾ ಟೈಮ ಕೊಡ್ರಿ ಸಾಹೇಬ್ರ," ಎಂದ ತಾತ್ಯಾ. "ಮಿರಜದಾಗ ಕೇಳಿ ಹೇಳತೇನಿ."